ದುರಸ್ತಿಯ ತರುವಾಯದ ನಡುಕ



ಈ ಹೊತ್ತಿನ ಭಾಷಣಕ್ಕೆ ನಾನು ಆರಿಸಿಕೊಂಡಿರುವ ವಿಷಯವು ಮೇಲುನೋಟಕ್ಕೆ ಬಹು ಸಣ್ಣದು. ಹಳೆಯ ಮೋಟಾರು ಬಂಡಿಯೊಂದನ್ನು ಗ್ಯಾರೇಜಿಗೆ ಕೊಟ್ಟು, ರಿಪೇರಿ ಮಾಡಿಸಿ, ಹಣ ತೆತ್ತು ಹೊರಕ್ಕೆ ತಂದ ಮೇಲೆ ಅದರ ಮುಂಭಾಗವು ನಡುಗಲು ತೊಡಗಿದರೆ, ಆ ನಡುಕದ ಮೂಲವನ್ನು ಕಂಡುಹಿಡಿಯುವುದು ಹೇಗೆ ಎಂಬುದೇ ಆ ವಿಷಯ. ಬಂಡಿಯಿಲ್ಲದವರಿಗೆ ಇದು ಬೇಡದ ಮಾತೆಂದು ತೋರಬಹುದು. ಆದರೆ ಬಾಡಿಗೆಯ ಜೀಪಿನಲ್ಲಿ ಕುಳಿತು ಸಂತೆಗೋ ಜಾತ್ರೆಗೋ ಹೋಗಿಬರುವವರೆಲ್ಲರ ಪ್ರಾಣವೂ ಆ ಬಂಡಿಯ ಮುಂದಿನ ಎರಡು ಗಾಲಿಗಳನ್ನು ನಂಬಿಕೊಂಡಿರುವುದರಿಂದ, ಇದನ್ನು ಚಾಲಕನೊಬ್ಬನ ಚಿಂತೆಯೆಂದು ತಳ್ಳಿಬಿಡುವಂತಿಲ್ಲ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳನ್ನು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳೋಣ. ಘಟಪ್ರಭಾ, ಮಾರ್ಕಂಡೇಯ, ಹಿರಣ್ಯಕೇಶಿ ನದಿಗಳ ನೀರುಂಡ ಈ ಸೀಮೆಯು ಕಬ್ಬಿನ ಸೀಮೆ. ಎರೆಮಣ್ಣಿನ ಹೊಲದಾರಿ, ಕಬ್ಬು ಹೇರಿದ ಟ್ರ್ಯಾಕ್ಟರುಗಳು ತುಳಿದು ತಗ್ಗು ಬೀಳಿಸಿದ ಊರದಾರಿ, ಗೋಕಾಕ ಫಾಲ್ಸಿನ ಕಡೆಯ ಗುಡ್ಡದ ತಿರುವು, ಸಂಕೇಶ್ವರದ ಬಳಿ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿ, ಇವೆಲ್ಲವನ್ನೂ ಒಂದೇ ಬಂಡಿಯು ಒಂದೇ ದಿನದಲ್ಲಿ ಕಾಣಬೇಕಾಗುವುದುಂಟು. ಹಳೆಯ ಬಂಡಿಯ ಗುಣದೋಷಗಳು ಬಯಲಾಗುವುದಕ್ಕೆ ಇದಕ್ಕಿಂತ ತಕ್ಕ ಒರೆಗಲ್ಲು ಬೇಡ.

ಬಂಡಿಗಳಲ್ಲಿಯೂ ಜೀಪನ್ನೇ ಮುಂದಿಟ್ಟುಕೊಂಡು ಮಾತನಾಡುತ್ತೇನೆ. ಜೀಪು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದುದು. 1947ರಲ್ಲಿ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ತೊಡಗಿದ ಮೇಲೆ, ಅದೇ ವಂಶದ ಬಂಡಿಗಳು ನಮ್ಮ ಹಳ್ಳಿಪಳ್ಳಿಗಳಿಗೆಲ್ಲ ಹಬ್ಬಿದವು. ಇಂತಹ ಜೀಪಿನ ಮುಂದಿನ ಎರಡು ಗಾಲಿಗಳೂ ಎತ್ತಿನ ಚಕ್ಕಡಿಯ ಗಾಲಿಗಳಂತೆ ಒಂದೇ ಗಟ್ಟಿ ಅಚ್ಚಿನ ಎರಡು ತುದಿಗಳಲ್ಲಿವೆ. ಎಡಗಾಲಿಯು ಕಲ್ಲು ಹತ್ತಿದರೆ ಆ ಸುದ್ದಿಯು ಅಚ್ಚಿನ ಮೂಲಕ ಬಲಗಾಲಿಗೂ ಮುಟ್ಟುವುದು. ಚಕ್ಕಡಿಯ ಗಾಲಿಗೆ ಉರುಳುವುದೊಂದೇ ಕೆಲಸ. ಜೀಪಿನ ಮುಂಗಾಲಿಯಾದರೋ ಉರುಳುತ್ತಲೇ ಎಡಕ್ಕೂ ಬಲಕ್ಕೂ ಹೊರಳಬೇಕು. ಅದು ಹೊರಳುವ ಗೂಟಕ್ಕೆ ಕಿಂಗ್ ಪಿನ್ನು ಎಂದು ಹೆಸರು. ಎರಡು ಗಾಲಿಗಳನ್ನೂ ಒಂದೇ ದಿಕ್ಕಿಗೆ ಹೊರಳಿಸುವ ಸರಳಿಗೆ ಟೈರಾಡ್ ಎಂದು ಹೆಸರು. ಈ ಕೀಲುಗಳಲ್ಲಿ ಎಲ್ಲಿಯೇ ಸಡಿಲ ಬಿದ್ದರೂ ಗಾಲಿಗೆ ತಾನೇ ತಾನಾಗಿ ಓಲಾಡುವ ಸ್ವಾತಂತ್ರ್ಯ ಬಂದುಬಿಡುವುದು.

ಇನ್ನು ಪ್ರಕೃತಕ್ಕೆ ಬರೋಣ. ರಿಪೇರಿಯಾದ ಮರುದಿನ ನಡುಕ ಕಂಡುಬಂದರೆ, ಒಡೆಯನ ಮನಸ್ಸಿನಲ್ಲಿ ಮೊದಲು ಏಳುವ ಮಾತು ಒಂದೇ: ‘ಮಿಸ್ತ್ರಿ ಕೆಡಿಸಿದ.’ ಕಾಗೆ ಕುಳಿತುದಕ್ಕೂ ಕೊಂಬೆ ಮುರಿದುದಕ್ಕೂ ನಂಟು ಕಟ್ಟುವ ಕಾಕತಾಳೀಯ ನ್ಯಾಯವೆಂದರೆ ಇದೇ. ಆದರೆ ಎಲ್ಲವೂ ಕಾಕತಾಳೀಯವೆಂದು ಕೈಕೊಡವಿಬಿಡುವ ಮಿಸ್ತ್ರಿಯ ಉತ್ತರವೂ ಅಷ್ಟೇ ಅವಸರದ್ದು. ವಿಚಾರ ಮಾಡಿ ನೋಡಿದರೆ ಸಾಧ್ಯತೆಗಳು ಮೂರು. ಒಂದನೆಯದು, ರಿಪೇರಿಯಲ್ಲಿಯೇ ಏನೋ ತಪ್ಪಿರಬಹುದು. ಎರಡನೆಯದು, ಮೊದಲಿನಿಂದಲೂ ಇದ್ದ ದೋಷವನ್ನು ರಿಪೇರಿಯು ಹೊರಗೆಡಹಿರಬಹುದು. ಮೂರನೆಯದು, ಎರಡಕ್ಕೂ ಸಂಬಂಧವಿಲ್ಲದೆ ಅದೇ ದಿನಗಳಲ್ಲಿ ಟಾಯರೋ ಕೀಲೋ ಸವೆದು ಮುಗಿದಿರಬಹುದು. ಈ ಮೂರರಲ್ಲಿ ಯಾವುದೆಂದು ತಿಳಿಯುವ ಮೊದಲೇ ಹೊಸ ಭಾಗವನ್ನು ಕೊಂಡು ಹಾಕಿಸುವುದು, ನಾಡಿ ನೋಡದೆ ಔಷಧ ಕುಡಿಸಿದಂತೆ.

ಎರಡನೆಯ ಸಾಧ್ಯತೆಯು ಜನರ ಲಕ್ಷ್ಯಕ್ಕೆ ಬರುವುದು ಬಹು ವಿರಳ. ಆದುದರಿಂದ ಗೋಕಾಕದ ಗ್ಯಾರೇಜಿನಲ್ಲಿ ನಡೆಯಬಹುದಾದ ಇಂತಹದೊಂದು ಸಂಭಾಷಣೆಯನ್ನು ಭಾವಿಸೋಣ.

‘ಮಿಸ್ತ್ರಿ ಕಾಕಾ, ಗಾಡಿ ಮೊದಲ ಚಲೋ ಇತ್ತರಿ. ನೀವು ಎಂಜಿನ್ ಮಾಡಿ ಕೊಟ್ಟ ಮ್ಯಾಲ ಸ್ಟೇರಿಂಗ್ ಕೈಯಾಗ ನಿಂದ್ರವಲ್ದು.’

‘ಎಷ್ಟು ಓಡಿದಾಗ ನಡಗತೈತಿ, ತಮ್ಮಾ?’

‘ಅರವತ್ತರ ಸುಮಾರ ನೋಡ್ರಿ. ಸಂಕೇಶ್ವರದ ಹೈವೇದಾಗ.’

‘ಮೊದಲ ಅರವತ್ತಕ್ಕ ಹೋಗತಿತ್ತೇನು?’

‘ಎಲ್ಲಿ ಹೋಗತಿತ್ರಿ? ಐವತ್ತಕ್ಕ ದಮ್ಮು ಹತ್ತತಿತ್ತು.’

‘ಹಂಗಾರ ನಡುಕ ಹಳೇದು ತಮ್ಮಾ. ನೀ ಕಂಡದ್ದು ಇವತ್ತ.’

ಎಂಜಿನ್ನಿಗೆ ಬಲ ಬಂದುದರಿಂದ ಬಂಡಿಯು ಹಿಂದೆಂದೂ ಮುಟ್ಟದ ವೇಗವನ್ನು ಮುಟ್ಟಿತು. ಆ ವೇಗದಲ್ಲಿ ಮಾತ್ರ ತಲೆಯೆತ್ತುವ ದೋಷವು ಆಗ ಕಂಡಿತು. ಒಂದು ಪ್ರಶ್ನೆಯಿಂದ ಇಷ್ಟು ತಿಳಿಯಿತು. ಎಂಜಿನ್ನನ್ನು ಮತ್ತೆ ಬಿಚ್ಚಿಸಿದ್ದರೆ ಕೂಲಿಯೂ ದಿನವೂ ವ್ಯರ್ಥವಾಗಿ ನಡುಕ ಮಾತ್ರ ಉಳಿಯುತ್ತಿತ್ತು.

ಆ ಒಂದು ವೇಗದಲ್ಲಿಯೇ ನಡುಕವೇಕೆ ಎಂದು ತಾವು ಕೇಳಬಹುದು. ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯು 52 ಮೀಟರು ಆಳಕ್ಕೆ ಧುಮುಕುವೆಡೆಯಲ್ಲಿ ಸುಮಾರು 200 ಮೀಟರು ಉದ್ದದ ತೂಗುಸೇತುವೆಯೊಂದಿರುವುದನ್ನು ನೋಡಿದವರು ಅನೇಕರು. ಇಂತಹ ತೂಗುಸೇತುವೆಗೆ ತನ್ನದೇ ಆದ ಒಂದು ತೂಗಾಟದ ಲಯವುಂಟು. ನಡೆಯುವವರು ತಮತಮಗೆ ತೋಚಿದಂತೆ ಹೆಜ್ಜೆಯಿಟ್ಟರೆ ಅದು ಅಷ್ಟಾಗಿ ಓಲಾಡದು. ಎಲ್ಲರ ಹೆಜ್ಜೆಯೂ ಸೇತುವೆಯ ಲಯಕ್ಕೆ ಸರಿಹೊಂದಿದರೆ ಸಣ್ಣ ತಳ್ಳುವಿಕೆಯೇ ಕೂಡುತ್ತ ಕೂಡುತ್ತ ದೊಡ್ಡ ತೂಗಾಟವಾಗುವುದು. ಜೀಪಿನ ಮುಂದಿನ ಅಚ್ಚು, ಕಮಾನಿನ ಪಾಟಾಗಳು, ಗಾಲಿಗಳು, ಇವುಗಳಿಗೂ ಕೂಡಿ ಅಂತಹ ಸ್ವಂತ ಲಯವುಂಟು. ಗಾಲಿಯು ಸುತ್ತುವ ಲಯವು ಅದಕ್ಕೆ ಹೊಂದಿದ ವೇಗದಲ್ಲಿ ನಡುಕವು ಉಕ್ಕಿ, ವೇಗ ಹೆಚ್ಚಿದರೂ ತಗ್ಗಿದರೂ ಇಳಿಯುವುದು. ‘ಎಪ್ಪತ್ತಕ್ಕೆ ಹೋದರೆ ನಡುಕ ನಿಲ್ಲುತ್ತದೆ, ಆದುದರಿಂದ ಭಯವಿಲ್ಲ’ ಎಂದು ಬಂಡಿಯನ್ನು ಇನ್ನೂ ಜೋರಾಗಿ ಓಡಿಸುವ ಚಾಲಕರುಂಟು. ಅವರು ದೋಷವನ್ನು ದಾಟಿಲ್ಲ. ಬೆನ್ನ ಹಿಂದೆ ಇರಿಸಿಕೊಂಡಿದ್ದಾರೆ. ವೇಗವನ್ನು ತಗ್ಗಿಸುವಾಗ ಅದೇ ನಡುಕದ ನಡುವೆಯೇ ಅವರು ಮರಳಿ ಬರಬೇಕು.

ಇಲ್ಲಿ ಸ್ವಲ್ಪ ಲೆಕ್ಕ ಅವಶ್ಯಕ. ಹಳೆಯ ಜೀಪಿನ ಗಾಲಿಯು ಟಾಯರು ಸಹಿತ ಸುಮಾರು 70 ಸೆಂಟಿಮೀಟರು ಅಡ್ಡಳತೆಯದು. ಒಂದು ಸುತ್ತಿಗೆ 2.2 ಮೀಟರು ಸಾಗುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು ಏಳೂವರೆ ಸುತ್ತು ತಿರುಗುವುದು. ರಿಮ್ಮಿನ ಅಂಚಿನಲ್ಲಿ ಒಂದು ಕಡೆ 50 ಗ್ರಾಮು ಭಾರ ಹೆಚ್ಚಾಗಿದ್ದರೆ, ಆ ವೇಗದಲ್ಲಿ ಅದು ಸುಮಾರು ಎರಡೂಕಾಲು ಕಿಲೋ ತೂಕದ ಬಲದಿಂದ ಗಾಲಿಯನ್ನು ಸುತ್ತಿಗೊಮ್ಮೆ ಹೊರಕ್ಕೆ ಜಗ್ಗುವುದು. ವೇಗವು 80ಕ್ಕೆ ಏರಿದರೆ ಆ ಎಳೆತವು ನಾಲ್ಕು ಕಿಲೋ ಆಗುವುದು. ಏಕೆಂದರೆ ಇದು ವೇಗದ ವರ್ಗದಂತೆ ಬೆಳೆಯತಕ್ಕದ್ದು. ಇನ್ನು, ಮಳೆಗಾಲದಲ್ಲಿ ಕಬ್ಬಿನ ಹೊಲಕ್ಕೆ ಹೋಗಿಬಂದ ಬಂಡಿಯ ರಿಮ್ಮಿನ ಒಳಮೈಯಲ್ಲಿ ಎರೆಮಣ್ಣು ಮೆತ್ತಿ ಒಣಗಿರುವುದನ್ನು ನೆನೆಯಿರಿ. ಅದು ಕಾಲು ಕಿಲೋ ಇದ್ದರೆ, ಹೆದ್ದಾರಿಯಲ್ಲಿ ಹನ್ನೊಂದು ಕಿಲೋ ತೂಕದ ಸುತ್ತಿಗೆಯಾಗುವುದು. ಹೊರಮೈಯನ್ನು ತೊಳೆದವರು ಒಳಮೈಯನ್ನು ಮರೆಯುವುದು ಸಾಮಾನ್ಯ. ಒಂದು ಕೊಡ ನೀರಿನಿಂದಲೂ ಒಂದು ಕಡ್ಡಿಯಿಂದಲೂ ಹೋಗುವ ಈ ದೋಷಕ್ಕೆ ಸಾವಿರಾರು ರೂಪಾಯಿನ ಭಾಗಗಳನ್ನು ಬಲಿಕೊಡುವುದುಂಟು.

ನಡುಕದ ಜಾತಿಯನ್ನು ತಿಳಿಯಲು ನಾಲ್ಕು ಪ್ರಶ್ನೆಗಳು ಸಾಕು. ಮೊದಲನೆಯದು: ಬಂಡಿಯು ನಿಂತಿರುವಾಗ ಎಂಜಿನ್ನನ್ನು ಜೋರು ಮಾಡಿದರೆ ನಡುಕವುಂಟೋ? ಉಂಟಾದರೆ ಗಾಲಿಗಳ ತಂಟೆಗೆ ಹೋಗಬೇಡಿ. ಎಂಜಿನ್ನನ್ನೂ ಅದು ಕುಳಿತಿರುವ ರಬ್ಬರುಗಳನ್ನೂ ನೋಡಿರಿ. ಎರಡನೆಯದು: ಬ್ರೇಕು ತುಳಿದಾಗ ಮಾತ್ರ ನಡುಕವುಂಟೋ? ಹಾಗಾದರೆ ಬ್ರೇಕಿನ ಡ್ರಮ್ಮು ದುಂಡು ತಪ್ಪಿರಬಹುದು. ಮೂರನೆಯದು: ನಡುಕವು ಸ್ಟೇರಿಂಗಿನ ಚಕ್ರದಲ್ಲಿಯೋ, ಕಾಲ ಕೆಳಗಿನ ನೆಲದಲ್ಲಿಯೋ? ಚಕ್ರದಲ್ಲಿದ್ದರೆ ಮುಂಗಾಲಿ, ನೆಲದಲ್ಲಿಯೂ ಆಸನದಲ್ಲಿಯೂ ಇದ್ದರೆ ಹಿಂಗಾಲಿಯೋ ಪ್ರೊಪೆಲ್ಲರ್ ಶಾಫ್ಟೋ ಆಗಿರುವ ಸಂಭವ ಹೆಚ್ಚು. ಹಳೆಯ ವಿಲ್ಲೀಸ್ ಮಾದರಿಯ ಜೀಪಿನಲ್ಲಿ ಗಾಲಿಯು ಒಂದು ಸುತ್ತು ಬರುವಷ್ಟರಲ್ಲಿ ಆ ಶಾಫ್ಟು 5.38 ಸುತ್ತು ಬರುವುದು. ಎಂದರೆ 60ರ ವೇಗದಲ್ಲಿ ಸೆಕೆಂಡಿಗೆ ನಲವತ್ತು ಸುತ್ತು. ಆದುದರಿಂದ ಗಾಲಿಯ ನಡುಕವು ಎಣಿಸಬಹುದೇನೋ ಎಂಬಂತೆ ಕುಲುಕುವುದು. ಶಾಫ್ಟಿನ ನಡುಕವು ಗುಂಯ್ ಎಂದು ಮೊರೆಯುವುದು. ಶಾಫ್ಟನ್ನು ಬಿಚ್ಚಿ ಮತ್ತೆ ಕೂಡಿಸುವಾಗ ಅದರ ಎರಡು ತುಂಡುಗಳ ಗುರುತುಗಳನ್ನು ಎದುರುಬದುರಾಗಿ ಹೊಂದಿಸದೆ ಇದ್ದರೂ ಈ ಮೊರೆತ ಹುಟ್ಟುವುದು. ನಾಲ್ಕನೆಯ ಪ್ರಶ್ನೆ: ನಡುಕವು ಮೆಲ್ಲಮೆಲ್ಲನೆ ಏರುವುದೋ, ಇಲ್ಲವೆ ತಗ್ಗೊಂದನ್ನು ಹಾರಿದ ಕೂಡಲೆ ಎರಡು ಗಾಲಿಗಳೂ ಹುಚ್ಚೆದ್ದು ಎಡಬಲಕ್ಕೆ ಬಡಿದುಕೊಳ್ಳುವುವೋ? ಈ ಕಡೆಯದು ಎಲ್ಲಕ್ಕಿಂತ ಭಯಂಕರವಾದುದು. ಗಟ್ಟಿ ಅಚ್ಚಿನ ಬಂಡಿಗಳಿಗೇ ವಿಶೇಷವಾಗಿ ತಗಲುವ ಈ ವ್ಯಾಧಿಯು, ಒಮ್ಮೆ ಎದ್ದರೆ ಬಂಡಿಯು ಬಹಳ ನಿಧಾನವಾಗುವ ತನಕ ಶಾಂತವಾಗದು. ಕೀಲುಗಳ ಸಡಿಲವೇ ಇದಕ್ಕೆ ಮುಖ್ಯ ಆಹಾರ.

ಇಷ್ಟು ತಿಳಿದ ಮೇಲೆ, ರಿಪೇರಿಯಲ್ಲಿ ಕೈ ಮುಟ್ಟಿದ ಭಾಗ ಯಾವುದು ಎಂಬುದನ್ನು ವಿಚಾರಿಸತಕ್ಕದ್ದು. ಕೊನೆಗೆ ಮುಟ್ಟಿದುದನ್ನು ಮೊದಲು ನೋಡುವುದು ಒಳ್ಳೆಯ ಕ್ರಮ. ಟಾಯರು ಬದಲಾಯಿಸಿದ್ದರೆ, ಹೊಸ ಟಾಯರು ರಿಮ್ಮಿನ ಅಂಚಿಗೆ ಸುತ್ತಲೂ ಸಮವಾಗಿ ಕುಳಿತಿದೆಯೇ, ಬ್ಯಾಲೆನ್ಸಿಂಗಿಗೆ ಹಾಕಿದ ಸೀಸದ ತುಂಡುಗಳು ಉದುರಿಹೋಗಿವೆಯೇ, ರಿಮ್ಮಿಗೂ ಡ್ರಮ್ಮಿಗೂ ನಡುವೆ ತುಕ್ಕೋ ಮಣ್ಣೋ ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು. ಗಾಲಿಯ ನಟ್ಟುಗಳನ್ನು ಸಾಲಾಗಿ ಒಂದರ ಪಕ್ಕದ್ದೊಂದನ್ನು ಬಿಗಿದರೆ ಗಾಲಿಯು ಓರೆಯಾಗಿ ಕೂಡುವ ಭಯವುಂಟು. ಎದುರುಬದುರಾಗಿ, ಹಂತಹಂತವಾಗಿ ಬಿಗಿಯಬೇಕು. ಗ್ರೀಸು ಹಾಕಲು ಗಾಲಿಯ ಬೇರಿಂಗುಗಳನ್ನು ಬಿಚ್ಚಿದ್ದರೆ, ಅವು ಸಡಿಲವಾಗಿ ಉಳಿದಿರಬಹುದು, ಇಲ್ಲವೆ ಅತಿಯಾಗಿ ಬಿಗಿದಿರಬಹುದು. ನಾಲ್ಕಾರು ಕಿಲೋಮೀಟರು ಓಡಿಸಿ ಗಾಲಿಯ ನಡುಭಾಗದ ಬಳಿ ಕೈಯಿಟ್ಟರೆ ಬಿಗಿಯಾದುದು ಸುಡುತ್ತದೆ.

ಕಿಂಗ್ ಪಿನ್ನಿನ ಕೆಲಸವಾಗಿದ್ದರೆ ಹೆಚ್ಚಿನ ಲಕ್ಷ್ಯ ಬೇಕು. ಇಂತಹ ಜೀಪುಗಳಲ್ಲಿ ಪಿನ್ನಿನ ಬೇರಿಂಗಿಗೆ ಬೇಕಾದ ಬಿಗಿಯನ್ನು ಕೊಡುವುದು ಶಿಮ್ ಎಂಬ ಕಾಗದದಷ್ಟು ತೆಳುವಾದ ತಗಡುಗಳು. ಅವುಗಳಲ್ಲಿ ಒಂದು ಹೆಚ್ಚಾದರೆ ಬಿಗಿ ತಪ್ಪಿ ಗಾಲಿಯು ಓಲಾಡುವುದು. ಒಂದು ಕಡಿಮೆಯಾದರೆ ಸ್ಟೇರಿಂಗು ಕಲ್ಲಾಗುವುದು. ಗಾಲಿಯನ್ನು ಹೊರಳಿಸುವ ತೋಳಿಗೆ ಸ್ಪ್ರಿಂಗಿನ ತಕ್ಕಡಿಯನ್ನು ಸಿಕ್ಕಿಸಿ ಜಗ್ಗಿ, ಎಷ್ಟು ಭಾರಕ್ಕೆ ಅದು ಹೊರಳುತ್ತದೆಂದು ಅಳೆದು ಈ ತಗಡುಗಳ ಲೆಕ್ಕವನ್ನು ಗೊತ್ತುಮಾಡುವುದು ಸರಿಯಾದ ಪದ್ಧತಿ. ಕಣ್ಣಂದಾಜಿಗೆ ಇಲ್ಲಿ ಎಡೆಯಿಲ್ಲ.

ಕಮಾನಿನ ಪಾಟಾ ಬದಲಾಯಿಸಿದ್ದರೆ ಇನ್ನೊಂದು ಸೂಕ್ಷ್ಮವುಂಟು. ಸೈಕಲ್ಲಿನ ಮುಂಗವಲು ಸ್ವಲ್ಪ ಹಿಂದಕ್ಕೆ ವಾಲಿಕೊಂಡಿರುವುದನ್ನು ತಾವೆಲ್ಲರೂ ನೋಡಿದ್ದೀರಿ. ಆ ವಾಲಿಕೆಯ ಬಲದಿಂದಲೇ ಗಾಲಿಯು ತಾನಾಗಿ ನೆಟ್ಟಗೆ ನಿಲ್ಲಲು ಹವಣಿಸುವುದು. ಜೀಪಿನ ಕಿಂಗ್ ಪಿನ್ನಿಗೂ ಅಂತಹ ಕೆಲವು ಡಿಗ್ರಿಗಳ ವಾಲಿಕೆಯುಂಟು. ಇದನ್ನು ಹೊಂದಿಸಲು ಪಾಟಾಕ್ಕೂ ಅಚ್ಚಿಗೂ ನಡುವೆ ಕೆಲವು ಬಂಡಿಗಳಲ್ಲಿ ಬೆಣೆಯಾಕಾರದ ತಗಡನ್ನಿಟ್ಟಿರುವರು. ಪಾಟಾ ಬಿಚ್ಚಿ ಕಟ್ಟುವಾಗ ಆ ಬೆಣೆಯು ಹಿಂದುಮುಂದಾದರೂ, ಹೆಚ್ಚು ಭಾರ ಹೊರಲೆಂದು ಒಂದು ಪಾಟಾ ಹೆಚ್ಚಾಗಿ ಸೇರಿಸಿದರೂ ವಾಲಿಕೆ ಬದಲಾಗುವುದು. ಆಗ ಎಲ್ಲ ಭಾಗಗಳೂ ಹೊಸದಾಗಿದ್ದಾಗ್ಯೂ ಬಂಡಿಯು ನಡುಗುವುದು.

ಈಗ ಜಾಕು ಏರಿಸಿ ನೋಡುವ ಕ್ರಮವನ್ನು ಹೇಳುತ್ತೇನೆ. ಗಟ್ಟಿನೆಲದ ಮೇಲೆ ಬಂಡಿಯನ್ನು ನಿಲ್ಲಿಸಿ, ಹಿಂಗಾಲಿಗಳಿಗೆ ತಡೆಗಲ್ಲು ಕೊಟ್ಟು, ಮುಂದಿನ ಅಚ್ಚನ್ನು ಎತ್ತಿ ಅದರ ಕೆಳಗೆ ಕಬ್ಬಿಣದ ಸ್ಟ್ಯಾಂಡನ್ನು ಇಡತಕ್ಕದ್ದು. ಬರಿಯ ಜಾಕನ್ನಾಗಲಿ, ಪೇರಿಸಿದ ಇಟ್ಟಿಗೆಗಳನ್ನಾಗಲಿ ನಂಬಿ ಕೆಳಗೆ ತೂರಬಾರದು. ಗಾಲಿಯ ಮೇಲಂಚನ್ನೂ ಕೆಳಂಚನ್ನೂ ಹಿಡಿದು ಕುಲುಕಿರಿ. ಸಡಿಲ ಕಂಡರೆ, ಇನ್ನೊಬ್ಬನಿಗೆ ಬ್ರೇಕು ತುಳಿದು ಹಿಡಿಯಲು ಹೇಳಿ ಮತ್ತೆ ಕುಲುಕಿರಿ. ಸಡಿಲವು ಮಾಯವಾದರೆ ದೋಷವು ಗಾಲಿಯ ಬೇರಿಂಗಿನದು. ಉಳಿದರೆ ಕಿಂಗ್ ಪಿನ್ನಿನದು. ಆಮೇಲೆ ಗಾಲಿಯ ಎಡಬಲದ ಅಂಚುಗಳನ್ನು ಹಿಡಿದು ಕುಲುಕಿದರೆ ಟೈರಾಡಿನ ಕೀಲುಗಳ ಸಡಿಲವು ಕೈಗೆ ತಿಳಿಯುವುದು. ಕಡೆಗೆ ಗಾಲಿಯನ್ನು ತಿರುಗಿಸಿ, ಟಾಯರಿನ ಹತ್ತಿರ ಒಂದು ಸೀಮೆಸುಣ್ಣದ ಕಡ್ಡಿಯನ್ನು ಅಲುಗದಂತೆ ಹಿಡಿಯಿರಿ. ಗಾಲಿಯು ದುಂಡಾಗಿದ್ದರೆ ಸುತ್ತಲೂ ಗೆರೆ ಬೀಳುವುದು. ಸೊಟ್ಟಗಿದ್ದರೆ ಒಂದೆಡೆ ಮಾತ್ರ ಬೀಳುವುದು. ಕುಂಬಾರನು ತಿಗರಿಯ ಮೇಲಿನ ಗಡಿಗೆಯ ದುಂಡನ್ನು ಬೆರಳಿನಿಂದ ಪರೀಕ್ಷಿಸುವ ಉಪಾಯವೇ ಇದು.

ಇನ್ನೂ ಸಂಶಯ ಉಳಿದರೆ, ಮುಂದಿನ ಎರಡು ಗಾಲಿಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ನೋಡಿರಿ. ನಡುಕವು ಸ್ಟೇರಿಂಗಿನಿಂದ ಆಸನಕ್ಕೆ ಸ್ಥಳ ಬದಲಾಯಿಸಿದರೆ ತಪ್ಪು ಗಾಲಿಯದೇ. ಇದ್ದಲ್ಲಿಯೇ ಇದ್ದರೆ ಕೀಲುಗಳದು. ಈ ಪರೀಕ್ಷೆಗೆ ಖರ್ಚಾಗುವುದು ಅರ್ಧ ಗಂಟೆಯ ಬೆವರು ಮಾತ್ರ. ಯಾವ ಪರೀಕ್ಷೆಯನ್ನೇ ಮಾಡಿರಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿರಿ. ಟಾಯರು, ಟೈರಾಡು, ಬೇರಿಂಗು ಎಲ್ಲವನ್ನೂ ಒಂದೇ ದಿನ ಬದಲಾಯಿಸಿದವನಿಗೆ ನಡುಕ ನಿಂತರೂ ಕಾರಣ ತಿಳಿಯದು. ನಿಲ್ಲದಿದ್ದರಂತೂ ದಾರಿಯೇ ತಿಳಿಯದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಸ್ಟೇರಿಂಗ್ ಡ್ಯಾಂಪರ್ ಎಂಬ ಎಣ್ಣೆ ತುಂಬಿದ ಕೊಳವೆಯೊಂದನ್ನು ಟೈರಾಡಿಗೆ ಕಟ್ಟಿದರೆ ಸ್ಟೇರಿಂಗಿನ ನಡುಕವು ಬಹುಮಟ್ಟಿಗೆ ಅಡಗಬಹುದು. ಕೀಲುಗಳೆಲ್ಲ ಸರಿಯಿರುವ ಬಂಡಿಯಲ್ಲಿ ಅದು ರಸ್ತೆಯ ಹೊಡೆತವನ್ನು ಮೆತ್ತಗೆ ಮಾಡುವ ಒಳ್ಳೆಯ ಸಾಧನ. ಕೀಲು ಸವೆದ ಬಂಡಿಗೆ ಅದನ್ನು ಕಟ್ಟುವುದೆಂದರೆ, ಜ್ವರ ಬಂದವನ ಮೈಮೇಲೆ ಕಂಬಳಿ ಹೊದಿಸಿ ನಡುಕ ನಿಂತಿತೆಂದು ನಂಬಿದಂತೆ. ಒಳಗೆ ಕೀಲು ಸವೆಯುತ್ತಲೇ ಇರುವುದು. ಎಚ್ಚರಿಸುತ್ತಿದ್ದ ನಡುಕವೊಂದು ಮಾತ್ರ ಬಾಯಿ ಮುಚ್ಚಿರುವುದು. ಆಮೇಲೆ ಗುಡ್ಡದ ತಿರುವಿನಲ್ಲಿ ಆ ಕೀಲು ಕಳಚಿತೆಂದರೆ ಆಗುವ ಅನರ್ಥವನ್ನು ವರ್ಣಿಸುವ ಅಗತ್ಯವಿಲ್ಲ.

ಓಡುತ್ತಿರುವಾಗಲೇ ಗಾಲಿಗಳು ಹುಚ್ಚೆದ್ದರೆ ಮಾಡತಕ್ಕದ್ದೇನು? ಸ್ಟೇರಿಂಗನ್ನು ಎರಡು ಕೈಗಳಿಂದಲೂ ಗಟ್ಟಿಯಾಗಿ ಹಿಡಿಯಿರಿ. ಆದರೆ ಗಾಲಿಯೊಡನೆ ಕುಸ್ತಿ ಹೂಡಬೇಡಿ. ಎಕ್ಸಲರೇಟರಿನಿಂದ ಕಾಲು ತೆಗೆಯಿರಿ. ಬ್ರೇಕನ್ನು ಒಮ್ಮೆಲೇ ಜಜ್ಜದೆ, ಮೆಲ್ಲಗೆ ಒತ್ತಿ ವೇಗ ತಗ್ಗಿಸಿ ರಸ್ತೆಯ ಮಗ್ಗುಲಿಗೆ ನಿಲ್ಲಿಸಿರಿ. ತರುವಾಯ ಜನರನ್ನು ತುಂಬಿಕೊಂಡು ಮುಂದೆ ಸಾಗಬೇಡಿ. ಆ ದಿನದ ಬಾಡಿಗೆ ಹೋದರೆ ನಾಳೆ ದುಡಿಯಬಹುದು.

ಕೊನೆಯ ಮಾತನ್ನು ಒಡೆಯರಿಗೂ ಮಿಸ್ತ್ರಿಗಳಿಗೂ ಕೂಡಿಯೇ ಹೇಳಬೇಕಾಗಿದೆ. ನಮ್ಮಲ್ಲಿ ಹಾಕಿದ ಭಾಗಕ್ಕೆ ಹಣ ಕೊಡುವ ರೂಢಿಯುಂಟು, ಬಿಚ್ಚಿ ಕಟ್ಟಿದ ಕೂಲಿಯನ್ನು ಕೊಡುವ ರೂಢಿಯೂ ಉಂಟು. ಆದರೆ ಒಂದು ಗಂಟೆ ಕುಳಿತು ನೋಡಿ, ಕೇಳಿ, ಕುಲುಕಿ ಕಾರಣ ಹೇಳಿದವನಿಗೆ ಏನನ್ನೂ ಕೊಡುವ ರೂಢಿಯಿಲ್ಲ. ‘ಏನೂ ಹಾಕಲಿಲ್ಲ, ಬರಿಯ ಮಣ್ಣು ಕೆರೆದ, ಇದಕ್ಕೂ ದುಡ್ಡೇ?’ ಎಂದು ಕೇಳುವವರು ನಾವೇ. ಹೀಗಾದರೆ ಮಿಸ್ತ್ರಿಯು ಸಂಸಾರ ಸಾಗಿಸಲು ಭಾಗಗಳನ್ನೇ ಹಾಕಬೇಕಲ್ಲವೆ? ನೋಟಕ್ಕೆ ಬೆಲೆ ಕೊಡದ ಊರಿನಲ್ಲಿ ನೋಡುವವರು ಉಳಿಯಲಾರರು. ಆದುದರಿಂದ ಒಡೆಯನು ಕಾರಣ ಹುಡುಕಿದ ಶ್ರಮಕ್ಕೂ ಕೂಲಿ ಕೊಡಲಿ. ಮಿಸ್ತ್ರಿಯು ತಾನು ಮುಟ್ಟಿದ ಭಾಗ ಯಾವುದು, ಬಿಗಿದುದೆಷ್ಟು, ಸೇರಿಸಿದ ತಗಡುಗಳೆಷ್ಟು ಎಂಬುದನ್ನು ತಾರೀಖಿನೊಡನೆ ಒಂದು ಚೀಟಿಯಲ್ಲಿ ಬರೆದುಕೊಡಲಿ. ಬಂಡಿಯ ಪೆಟ್ಟಿಗೆಯಲ್ಲಿ ಆ ಚೀಟಿಯಿದ್ದರೆ ಮುಂದಿನ ನಡುಕದ ದಿನ ಇಬ್ಬರ ನಡುವೆ ಜಗಳಕ್ಕೆ ಕಾರಣವಿರದು; ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದೂ ತಿಳಿದಿರುವುದು.